ಹತ್ತನೇ ಕ್ಲಾಸಾಯ್ತು, ಮುಂದೇನು?

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನಮ್ಮಂಥ ಊರುಗಳಲ್ಲಿ ಸಲಹೆಗಾರರಿಗೆ ಬರವಿಲ್ಲ. ಪಕ್ಕದ ಮನೆಯವರು, ದಿನಸಿ ಅಂಗಡಿಯವರು, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು, ಎಲ್ಲರಿಗೂ ಉತ್ತರ ಗೊತ್ತು. ಅಂಕ ಹೆಚ್ಚು ಬಂದರೆ ಸೈನ್ಸ್, ಸುಮಾರಾಗಿ ಬಂದರೆ ಕಾಮರ್ಸ್, ಕಡಿಮೆ ಬಂದರೆ ಆರ್ಟ್ಸ್. ಮಗುವಿಗೆ ಏನು ಇಷ್ಟ, ಅದರ ಕೈಗೆ ಯಾವ ಕೆಲಸ ಒಗ್ಗುತ್ತದೆ ಎಂದು ಕೇಳುವವರು ಮಾತ್ರ ಅಪರೂಪ.

ನಾವು ಓದುತ್ತಿದ್ದಾಗ ಹೆಣ್ಣುಮಕ್ಕಳಿಗೆ ಒಂದೇ ಮಂತ್ರ: ಟೈಪಿಂಗ್ ಕಲಿತುಬಿಡು, ಎಲ್ಲಾದರೂ ಕೆಲಸ ಸಿಗುತ್ತದೆ. ಜೂನಿಯರ್, ಸೀನಿಯರ್ ಎಂದು ಸಂಜೆಯೆಲ್ಲ ಕೀಲಿ ಕುಟ್ಟಿದೆವು. ಆಮೇಲೆ ಕಚೇರಿಗಳಿಗೆ ಕಂಪ್ಯೂಟರ್ ಬಂತು. 2009ರಲ್ಲಿ ಗೋದ್ರೆಜ್ ಕಂಪನಿ ಟೈಪ್‌ರೈಟರ್ ತಯಾರಿಕೆಯನ್ನೇ ನಿಲ್ಲಿಸಿತು. ಇಂಗ್ಲಿಷ್ ಟೈಪಿಂಗ್ ಕಲಿತವರಿಗೆ ಅಷ್ಟು ಕಷ್ಟವಾಗಲಿಲ್ಲ. ಅಕ್ಷರಗಳ ಜಾಗ ಕಂಪ್ಯೂಟರಿನಲ್ಲೂ ಅದೇ. ಕನ್ನಡ ಟೈಪಿಂಗ್ ಕಲಿತವರು ‘ನುಡಿ’ಗೆ ಬಂದಾಗ ಕೆ.ಪಿ. ರಾವ್ ಅವರ ಕೀಲಿಮಣೆಗೆ ಬೆರಳುಗಳನ್ನು ಮತ್ತೆ ಪಳಗಿಸಬೇಕಾಯಿತು. ಪಳಗಿಸಿಕೊಂಡವರು ಉಳಿದರು. ಕಲಿತ ವಿದ್ಯೆಯನ್ನು ಕಳ್ಳ ಕದಿಯಲಾರ, ನಿಜ. ಆದರೆ ಬಳಸಿ ಉಜ್ಜದಿದ್ದರೆ ತುಕ್ಕು ಹಿಡಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅಂಕ ಸಾಧಾರಣ. ಆದರೆ ಮನೆಯ ಮಿಕ್ಸಿ ನಿಂತರೆ ತಾನೇ ಬಿಚ್ಚಿ, ಕಾರ್ಬನ್ ಬ್ರಷ್ ಬದಲಿಸಿ ಓಡಿಸುವವಳು. ಐಟಿಐಗೆ ಸೇರಿಸಿ ಎಂದೆ. “ಅಯ್ಯೋ ಟೀಚರ್, ಅದು ಗಂಡುಹುಡುಗರದ್ದಲ್ಲವೇ? ನಾಳೆ ಗಂಡಿನ ಕಡೆಯವರಿಗೆ ಏನೆಂದು ಹೇಳಲಿ?” ಎಂದು ತಾಯಿ ಕಣ್ಣೊರೆಸಿಕೊಂಡರು. ಅವರ ಭಯ ಸುಳ್ಳಲ್ಲ. ಆದರೆ ಕೆಲವು ಸಂಗತಿಗಳನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷ. ಅದನ್ನು ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಆದಮೇಲೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹೋಗಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲೇ ಕೆಲಸ ಕಲಿಯಬಹುದು. ಅಂಕ ಕಡಿಮೆ ಬಂದವರ ಕೊನೆಯ ನಿಲ್ದಾಣ ಎಂದುಕೊಂಡದ್ದರಿಂದ ಮುಂದಕ್ಕೂ ಬಸ್ಸುಗಳಿವೆ ಎಂದು ತಿಳಿದಾಗ ಆ ತಾಯಿ ಒಪ್ಪಿದರು.

ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಮೊದಲ ತಿಂಗಳು ಅತ್ತಳಂತೆ. ಈಗ ಒಂದು ಕಾರ್ಖಾನೆಯಲ್ಲಿದ್ದಾಳೆ. ಕಳೆದ ವರ್ಷ ಸಿಕ್ಕಾಗ, “ನಾವು ಕಲಿತದ್ದು ರಿಲೇ ಟೀಚರ್, ಈಗಿನ ಯಂತ್ರಕ್ಕೆಲ್ಲ ಪಿಎಲ್‌ಸಿ. ಸಂಜೆ ಹೊತ್ತು ಅದನ್ನು ಕಲಿಯುತ್ತಿದ್ದೇನೆ” ಎಂದಳು. ಮದುವೆಯ ಮಾತು ಬಂದಾಗ, ಕೆಲಸ ಬಿಡುವುದಿಲ್ಲವೆಂದು ಅವಳೇ ಮೊದಲು ಹೇಳಿದಳಂತೆ.

ಇನ್ನೊಂದು ಮಾತು. ವೃತ್ತಿಯ ಬಗ್ಗೆ ಮಾರ್ಗದರ್ಶನವೆಂದರೆ ಮೇ ತಿಂಗಳಲ್ಲಿ ಅರ್ಜಿ ತುಂಬುವ ಮುನ್ನಾದಿನದ ಗಡಿಬಿಡಿಯಲ್ಲ. ಎಂಟನೇ ತರಗತಿಯಿಂದಲೇ ಮಕ್ಕಳನ್ನು ಒಂದು ವರ್ಕ್‌ಶಾಪಿಗೆ, ಆಸ್ಪತ್ರೆಯ ಲ್ಯಾಬಿಗೆ, ಬ್ಯಾಂಕಿಗೆ ಕರೆದೊಯ್ದು ತೋರಿಸಬೇಕು. ಶಾಲೆ ಮಾಡದಿದ್ದರೆ ನಾಲ್ಕು ಜನ ತಾಯಂದಿರೇ ಸೇರಿ ಮಾಡಬಹುದು. ಯಾವ ಕೋರ್ಸಿಗೆ ಹಣ ಕಟ್ಟುವ ಮೊದಲೂ ಮೂರು ಪ್ರಶ್ನೆ ಕೇಳಿ: ಇಲ್ಲಿ ಕೈಗೆ ಏನು ಕಲಿಸುತ್ತೀರಿ? ಇಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಇದಾದ ಮೇಲೆ ಮುಂದೆ ಯಾವ ದಾರಿಯಿದೆ? ಸರಿಯಾದ ಉತ್ತರ ಬಾರದಿದ್ದರೆ ಹಣವನ್ನು ಪರ್ಸಿನಲ್ಲೇ ಇಟ್ಟುಕೊಂಡು ಇನ್ನೊಂದು ಕಡೆ ವಿಚಾರಿಸಿ.