ಕಾರವಾರದ ಗರುಡಗಳ ಲೆಕ್ಕ

ಭಾಗ್ಯನಗರದಲ್ಲಿ ಇಂಚಿನ ಲೆಕ್ಕ ಗೊತ್ತಿಲ್ಲದವರು ಕಡಿಮೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಈ ಊರಿಗೆ ಹೆಸರು ತಂದದ್ದು ಕೈಮಗ್ಗ. ಅದರ ಜೊತೆಗೆ ಕೂದಲಿನ ವ್ಯಾಪಾರವೂ ಬೆಳೆಯಿತು. ಹಳ್ಳಿ ಹಳ್ಳಿ ತಿರುಗಿ ತಂದ ಉದುರುಗೂದಲಿನ ಉಂಡೆಗಳನ್ನು ಹೆಂಗಸರು ಕೂತು ಬಿಡಿಸುತ್ತಾರೆ. ಆಮೇಲೆ ಅದನ್ನು ಬಾಚಿ, ಉದ್ದ ನೋಡಿ, ಬೇರೆ ಬೇರೆ ಕಟ್ಟು ಕಟ್ಟುತ್ತಾರೆ. ಇಂಚು ಹೆಚ್ಚಿದಂತೆ ದರವೂ ಹೆಚ್ಚು. ಅಂಥ ಗೋದಾಮಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರಿಗೆ ಹಕ್ಕಿ ನೋಡುವ ಹುಚ್ಚು ಹತ್ತಿದರೆ ಅವರ ಕಣ್ಣು ಮೊದಲು ಹೋಗುವುದು ಕೊಕ್ಕಿನ ಉದ್ದಕ್ಕೆ.

ಗವಿಮಠದ ಜಾತ್ರೆ ಮುಗಿದ ಮೇಲೆ ಗುಮಾಸ್ತರ ಕುಟುಂಬ ಕಾರವಾರಕ್ಕೆ ಹೊರಟಿತು. ಅವ್ವನಿಗೆ ಸಮುದ್ರ ನೋಡಬೇಕಿತ್ತು. ಮಗಳಿಗೆ ದಂಡೆಯ ಮೇಲಿಟ್ಟಿರುವ ಯುದ್ಧನೌಕೆ ‘ಚಾಪಲ್’ ಹತ್ತಬೇಕಿತ್ತು. ಹೆಂಡತಿಗೆ ಗೋಕರ್ಣ. ಗುಮಾಸ್ತರು ಏನೂ ಕೇಳಲಿಲ್ಲ, ಚೀಲದ ತಳದಲ್ಲಿ ದುರ್ಬೀನು ಇಟ್ಟುಕೊಂಡರು ಅಷ್ಟೇ. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಂಕೋಲಾದಿಂದ ಗುತ್ತಿಯವರೆಗಿನ ಈ ಇಡೀ ದಾರಿಗೆ ಹಿಂದೆ ಒಂದೇ ನಂಬರು, ರಾಷ್ಟ್ರೀಯ ಹೆದ್ದಾರಿ 63. ಈಗ ಅದು ತುಂಡಾಗಿ ಬೇರೆ ಬೇರೆ ನಂಬರುಗಳಾಗಿದೆ, ಆದರೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಅರವತ್ಮೂರೇ.

ದಾರಿ ಒಂದೇ ಆದರೂ ಬ್ರಿಟಿಷರ ಕಾಲದಲ್ಲಿ ಅದರ ಎರಡು ತುದಿಗಳು ಬೇರೆ ಬೇರೆ ಸರ್ಕಾರಗಳ ಕೈಯಲ್ಲಿದ್ದವು. ಕೊಪ್ಪಳ ನಿಜಾಮನದು, ಕಾರವಾರ ಮುಂಬಯಿ ಪ್ರಾಂತದ್ದು. ಹಕ್ಕಿಗಳ ಪಟ್ಟಿಯೂ ಹಾಗೇ ಎರಡು ಕಡೆ ಬರೆಯಲ್ಪಟ್ಟಿತು. ನಿಜಾಮನ ಸೀಮೆಯ ಹಕ್ಕಿಗಳನ್ನು ಸಮೀಕ್ಷೆ ಮಾಡಿದ್ದು ಸಲೀಂ ಅಲಿ, 1931–32ರಲ್ಲಿ. ಕಾರವಾರದ ಪಟ್ಟಿ ಅದಕ್ಕಿಂತ ಹಳೆಯದು. ಜಿಲ್ಲೆಯ ಕಲೆಕ್ಟರಾಗಿದ್ದ ಜೇಮ್ಸ್ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ ಲೇಖನ 1898ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಡೇವಿಡ್‌ಸನ್ ಒಬ್ಬರೇ ಇರಲಿಲ್ಲ. ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಕೂಡ ಕಾರವಾರದಲ್ಲಿದ್ದರು. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆಯೂ ಬರೆದರು. ಐಟ್ಕನ್ ಹುಟ್ಟಿದ್ದು ಸತಾರಾದಲ್ಲಿ. 1883ರಲ್ಲಿ ಆ ಸೊಸೈಟಿ ಕಟ್ಟಿದ ಎಂಟು ಮಂದಿಯಲ್ಲಿ ಒಬ್ಬರು. ತಮ್ಮ ಹೆಸರಿನ ಮೂರು ಅಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡು ‘ಇಹಾ’ ಎಂದು ಬರೆಯುತ್ತಿದ್ದರು. ಹಕ್ಕಿ, ಇರುವೆ, ಹಲ್ಲಿಗಳ ಬಗ್ಗೆ ನಕ್ಕು ನಗಿಸುವಂತೆ ಬರೆದ ಈ ಮನುಷ್ಯನ ಹೆಸರನ್ನು ಕೊನೆಗೆ ಇಟ್ಟದ್ದು ಒಂದು ಸೊಳ್ಳೆಗೂ ಹೌದು, ಅನಾಫಿಲಿಸ್ ಐಟ್ಕೆನೈ. ಬೆಲ್ ನಿವೃತ್ತಿಯಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ಅಲ್ಲೇ ತೀರಿಕೊಂಡರು.

ಗುಮಾಸ್ತರಿಗೆ ಇವರ ಬಗ್ಗೆ ಒಂದು ಸಲಿಗೆ. ಮೂವರಲ್ಲಿ ಒಬ್ಬರಿಗೂ ಹಕ್ಕಿ ನೋಡುವುದಕ್ಕೆ ಸಂಬಳವಿರಲಿಲ್ಲ. ಕಂದಾಯ, ಉಪ್ಪು, ಮರಮಟ್ಟು ಇವುಗಳ ನಡುವೆ ಸಿಕ್ಕ ವೇಳೆಯಲ್ಲೇ ನೋಡಿದ್ದು. ಹಾಗೆಂದು ಅವರನ್ನು ಪೂರಾ ಹೊಗಳುವಂತಿಲ್ಲ. ಆಗಿನ ಹಕ್ಕಿಪ್ರೇಮದಲ್ಲಿ ಕೋವಿಯೂ ಇತ್ತು, ಗೂಡಿನಿಂದ ಮೊಟ್ಟೆ ಎತ್ತಿ ಪೆಟ್ಟಿಗೆಯಲ್ಲಿಡುವುದೂ ಇತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವತ್ತು ಹಾಗೆ ಮಾಡಿದರೆ ಕಲೆಕ್ಟರನ್ನೂ ಹಿಡಿದು ಒಳಗೆ ಹಾಕಬಹುದು.

ಕಾಳಿ ನದಿ ಕಡಲು ಸೇರುವಲ್ಲಿ ನೀರು ಇಳಿದಿತ್ತು. ಮಂದಿಯೆಲ್ಲ ಅಲೆಗಳ ಕಡೆ ಮುಖ ಮಾಡಿದ್ದರೆ ಗುಮಾಸ್ತರು ಕಾಂಡ್ಲಾ ಗಿಡಗಳ ಬುಡದ ಕೆಸರಿನ ಕಡೆ ತಿರುಗಿ ನಿಂತರು.

“ರೀ, ಸಮುದ್ರ ಈ ಕಡೆ ಐತಿ,” ಎಂದರು ಹೆಂಡತಿ.

“ಒಂದು ನಿಮಿಷ ನಿಂದ್ರು. ಆ ಹಕ್ಕಿ ಕೊಕ್ಕು ಮೂರಿಂಚೋ ಐದಿಂಚೋ ನೋಡಾಕತ್ತೀನಿ.”

ಪ್ರಶ್ನೆ ತಮಾಷೆಯದಲ್ಲ. ಕೆಸರಿಗೆ ಕೊಕ್ಕು ಚುಚ್ಚಿ ಏಡಿ ಎಳೆಯುವ ಕರ್ಲ್ಯೂ, ವಿಂಬ್ರೆಲ್ ಎರಡೂ ಕಂದು ಬಣ್ಣದವು, ಎರಡರ ಕೊಕ್ಕೂ ಕೆಳಗೆ ಬಾಗಿದ್ದು. ವಿಂಬ್ರೆಲ್ಲಿನದು ಮೂರು ಇಂಚಿನ ಆಸುಪಾಸು, ಕರ್ಲ್ಯೂವಿನದು ನಾಲ್ಕರ ಮೇಲೆ. ಸಾಲದ್ದಕ್ಕೆ ವಿಂಬ್ರೆಲ್ಲಿನ ನೆತ್ತಿಯ ಮೇಲೆ ಗೆರೆಗಳಿವೆ. ಗುಮಾಸ್ತರು ಗೆರೆ ಕಾಣುವ ಮೊದಲೇ “ಮೂರು” ಎಂದು ತೀರ್ಮಾನ ಕೊಟ್ಟರು. ಮಗಳು ದುರ್ಬೀನು ಕಸಿದುಕೊಂಡು ನೋಡಿ ಒಪ್ಪಿದಳು.

ಠಾಗೋರರ ಹೆಸರಿನ ಬೀಚಿನಲ್ಲಿ ಅವಳಿಗೆ ಇನ್ನೊಂದು ತಕರಾರು ಸಿಕ್ಕಿತು. ಕಂದು ತಲೆಯ ಕಡಲಕ್ಕಿಗಳೆಂದು ಅಪ್ಪ ತೋರಿಸಿದವುಗಳ ತಲೆ ಬೆಳ್ಳಗಿತ್ತು, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ಆ ಕಂದು ಬಣ್ಣ ಬರುವುದು ಮರಿ ಮಾಡುವ ಕಾಲಕ್ಕೆ. ಆ ಹೊತ್ತಿಗೆ ಅವು ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಿಗೆ ಹೊರಟಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹಿಮಾಲಯ ದಾಟಿ ಬಂದವೇ. ಅವು ನಮ್ಮ ಬಯಲುಸೀಮೆಯ ಕೆರೆ ಹಿಡಿದು ಹೊಲಕ್ಕೆ ಮೇಯಲು ಹೋಗುತ್ತವೆ, ಇವು ಮೀನಿನ ವಾಸನೆ ಹಿಡಿದು ದೋಣಿಗಳ ಬೆನ್ನು ಹತ್ತುತ್ತವೆ.

ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಅವ್ವ ಗೆದ್ದಳು. ಅಲ್ಲಿ ತಲೆಯ ಮೇಲೆಲ್ಲ ಗರುಡಗಳು, ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ಊರ ಕಡೆ ಹೊಳೆಯ ದಂಡೆಯಲ್ಲಿ ಎಂದೋ ಒಂದು ಕಂಡರೆ ಕೈಮುಗಿಯುವ ಅವ್ವ, ಇಲ್ಲಿ ಒಂದಕ್ಕೆ ಮುಗಿದು ಕೈ ಇಳಿಸುವಷ್ಟರಲ್ಲಿ ಇನ್ನೊಂದು. ಕೊನೆಗೆ ಕೈ ಜೋಡಿಸಿಕೊಂಡೇ ನಿಂತಳು. ಪಕ್ಕದಲ್ಲಿ ಮೀನು ಆರಿಸುತ್ತಿದ್ದ ಹೆಂಗಸರಿಗೆ ನಗು. ದೇವರ ವಾಹನ ದೋಣಿಯಿಂದ ಎಸೆದ ಮೀನಿನ ಕರುಳು ಎತ್ತಿಕೊಂಡು ಹೋದದ್ದನ್ನು ಅವ್ವ ಕಂಡೂ ಕಾಣದವಳಂತೆ ಇದ್ದಳು. ಅದೇ ಹೊತ್ತಿಗೆ ಎತ್ತರದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದೊಂದು ರೆಕ್ಕೆಗಳನ್ನು ಮೇಲಕ್ಕೆತ್ತಿ ತೇಲುತ್ತ ಹೋಯಿತು. ಕಡಲ ಹಾವನ್ನೂ ಬಿಡದ ಹಕ್ಕಿ ಅದು. ಗರುಡನಿಗಿಂತ ಬಲು ದೊಡ್ಡದು, ಆದರೆ ಅವ್ವನ ಲೆಕ್ಕಕ್ಕೆ ಬರಲಿಲ್ಲ.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ. ಐಟ್ಕನ್ ಇಲಾಖೆಯ ಸರಕು! ಪಾತಿಗಳ ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲೆತ್ತಿ ನಡೆಯುತ್ತಿದ್ದವು. ದೇವರ ದರ್ಶನದ ಹೊತ್ತು ಮೀರುತ್ತದೆಂದು ಹೆಂಡತಿ ಗಾಡಿ ನಿಲ್ಲಿಸಗೊಡಲಿಲ್ಲ. ಗುಮಾಸ್ತರು ಕಿಟಕಿಯಿಂದಲೇ ನೋಡಿದರು.

ರಾತ್ರಿ ಲಾಡ್ಜಿನಲ್ಲಿ ಮಗಳು ಮೊಬೈಲಿನಲ್ಲಿ ಇ-ಬರ್ಡ್ ತೆರೆದು ಬೈತಖೋಲದ ಪಟ್ಟಿ ತುಂಬಲು ಕೂತಳು. ಹಕ್ಕಿಯ ಹೆಸರಿನ ಮುಂದೆ ಎಷ್ಟು ಎಂದು ಅಂಕಿ ಹಾಕಬೇಕು.

“ಗರುಡ ಎಷ್ಟಿದ್ದುವಬೇ ಅಮ್ಮಾ?” ಎಂದು ಅಜ್ಜಿಯನ್ನು ಕೇಳಿದಳು.

“ಭಾಳ.”

“ಭಾಳ ಅಂದ್ರ ಎಷ್ಟು?”

“ದೇವ್ರನ್ನ ಹಂಗೆಲ್ಲ ಎಣಸಬಾರ್ದವ್ವ.”

ಗುಮಾಸ್ತರು ಅಂದಾಜಿನ ಮೇಲೆ ಒಂದು ಅಂಕಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಅಂಕಿಯ ಜಾಗದಲ್ಲಿ ಎಕ್ಸ್ ಒತ್ತಿ ಕಳಿಸಿಬಿಟ್ಟಿದ್ದಳು. ಎಣಿಸದೆ ಬರೀ ಕಂಡವುಗಳಿಗೆ ಇ-ಬರ್ಡ್ ಆ ಅಕ್ಷರವನ್ನು ಒಪ್ಪುತ್ತದೆ. ಗೋದಾಮಿನ ಲೆಕ್ಕದ ಪುಸ್ತಕವಾಗಿದ್ದರೆ ತಾವು ಒಪ್ಪುತ್ತಿರಲಿಲ್ಲ ಎಂದು ಗುಮಾಸ್ತರು ಗೊಣಗಿದರು.