ಗಾಳಿಯ ಅಪ್ಪಣೆ



ಕಳೆದ ಜೂನ್ ತಿಂಗಳ ಒಂದು ಭಾನುವಾರ ಗ್ರಾಮವೊಂದರ ಶಾಲಾ ಕಟ್ಟಡದ ಪ್ರಾರಂಭೋತ್ಸವಕ್ಕೆ ಬರುವುದಾಗಿ ನಾವು ಮಾತು ಕೊಟ್ಟಿದ್ದೆವು. ಸುತ್ತಲಿನ ಹತ್ತು ಹಳ್ಳಿಗಳಿಗೆ ಆಮಂತ್ರಣ ಹೋಗಿತ್ತು. ನಾವು ಹೋಗಲಿಲ್ಲ. ಅನಂತರ ಆ ಊರಿನ ಹಿರಿಯರೊಬ್ಬರು ಬರೆದ ಕಾಗದದಲ್ಲಿ ಇದ್ದುದು ಎರಡೇ ಮಾತು: “ತಮಗಾಗಿ ಮಧ್ಯಾಹ್ನದವರೆಗೆ ಕಾದೆವು. ತಾವು ಬರಲಿಲ್ಲ, ಮಳೆಯಾದರೂ ಬಂತು.” ಮತ್ತೊಬ್ಬ ಭಕ್ತರು ಇನ್ನೂ ನೇರವಾಗಿ ಕೇಳಿದರು: “ಸಂನ್ಯಾಸಿಗಳಿಗೆ ಗ್ರೀಸ್ ದೇಶದಲ್ಲಿ ದೋಣಿವಿಹಾರವೇಕೆ?” ಈ ಇಬ್ಬರಿಗೂ ಉತ್ತರ ಕೊಡಬೇಕಾದುದು ನಮ್ಮ ಕರ್ತವ್ಯ. ಸಮುದ್ರದಲ್ಲಿ ಗಾಳಿ ಎದ್ದಿತ್ತು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಆದುದರಿಂದ ನಡೆದುದನ್ನು ನಡೆದಂತೆಯೇ ನಿಮ್ಮ ಮುಂದಿಡುತ್ತೇವೆ.

ಪ್ರಾಚೀನ ಭಾಷೆಗಳನ್ನು ಕುರಿತ ವಿಚಾರಗೋಷ್ಠಿಯೊಂದಕ್ಕಾಗಿ ನಾವು ಅಥೆನ್ಸ್ ನಗರಕ್ಕೆ ಹೋಗಿದ್ದೆವು. ಗೋಷ್ಠಿ ಮುಗಿದ ಮೇಲೆ ಹಿಂದಿರುಗುವ ವಿಮಾನಕ್ಕೆ ಒಂಬತ್ತು ದಿನಗಳ ಬಿಡುವಿತ್ತು. ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಆ ನಗರದಲ್ಲಿ ಇಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬರು, “ಬುದ್ಧೀ, ಗ್ರೀಕರನ್ನು ಪುಸ್ತಕದಲ್ಲಿ ಓದಿದ್ದೀರಿ. ಅವರ ಸಮುದ್ರವನ್ನು ನೋಡದಿದ್ದರೆ ಅರ್ಧವನ್ನಷ್ಟೇ ಓದಿದಂತೆ” ಎಂದು ಒತ್ತಾಯಿಸಿದರು. ಅವರೂ ಅವರ ಪತ್ನಿಯೂ ಎಂಟು ವರ್ಷದ ಮಗಳೂ ನಾವೂ ಸೇರಿ ಹಾಯಿದೋಣಿಯೊಂದರಲ್ಲಿ ಹೊರಟೆವು. ಇದು ವಿಹಾರವೇ ಹೌದು. ಅಧ್ಯಯನ ಪ್ರವಾಸವೆಂಬ ಹೆಸರು ಕೊಟ್ಟು ಅದನ್ನು ಮರೆಮಾಚಲು ನಮಗೆ ಇಷ್ಟವಿಲ್ಲ.

ಅಥೆನ್ಸಿನ ಆಗ್ನೇಯಕ್ಕೆ ಲಾವ್ರಿಯೋ ಎಂಬ ಬಂದರಿದೆ. ಪ್ರಾಚೀನ ಕಾಲದಲ್ಲಿ ಅಲ್ಲಿಯ ಗಣಿಗಳಿಂದ ಗುಲಾಮರು ಅಗೆದು ತೆಗೆದ ಬೆಳ್ಳಿಯಿಂದಲೇ ಅಥೆನ್ಸಿನವರು ಯುದ್ಧದ ಹಡಗುಗಳನ್ನು ಕಟ್ಟಿದರು, ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪಾರಸಿಕರನ್ನು ಸೋಲಿಸಿದರು. ನಮ್ಮ ದೋಣಿ ಆ ಬಂದರಿನಲ್ಲಿ ನಿಂತಿತ್ತು. ನಲವತ್ತೆರಡು ಅಡಿ ಉದ್ದ, ಒಂದೇ ಸ್ತಂಭ, ಎರಡು ಹಾಯಿ. ಅದನ್ನು ನಡೆಸುವವರು ಮೂವತ್ತರ ಆಸುಪಾಸಿನ ಗ್ರೀಕ್ ಹೆಣ್ಣುಮಗಳು. ನಮ್ಮ ಕಾವಿಯನ್ನು ಕಂಡು ಆಕೆ, ತಮ್ಮ ದೇಶದಲ್ಲಿ ಪಾದ್ರಿಗಳನ್ನು ಕರೆಯುವಂತೆ, ‘ಪಾತೆರ್’ ಎಂದು ಕರೆದರು. ಅದು ಸಂಸ್ಕೃತದ ‘ಪಿತೃ’ ಶಬ್ದದ ಒಡಹುಟ್ಟು. ನಾವು ರೂಢಿಯಂತೆ ‘ತಾಯಿ’ ಎಂದೆವು. ಹೀಗೆ ಒಬ್ಬರನ್ನೊಬ್ಬರು ತಂದೆ ತಾಯಿ ಎಂದು ಕರೆಯುತ್ತ ಪ್ರಯಾಣ ಮೊದಲಾಯಿತು.

ದಡದಿಂದ ದೂರ ಬಂದ ಮೇಲೆ ಆ ತಾಯಿ ಇಂಜಿನನ್ನು ನಿಲ್ಲಿಸಿ ಹಾಯಿಗಳನ್ನು ಬಿಚ್ಚಿದರು. ಗದ್ದಲವೆಲ್ಲ ಅಡಗಿ ನೀರು ಸೀಳುವ ಸದ್ದು ಮಾತ್ರ ಉಳಿಯಿತು. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ನಾವು ಗಾಬರಿಯಿಂದ ಹಗ್ಗವೊಂದನ್ನು ಹಿಡಿದುಕೊಂಡೆವು. ಅದನ್ನು ಕಂಡು ಹುಡುಗಿ ಕೈತಟ್ಟಿ ನಕ್ಕಳು. ಇಂತಹ ದೋಣಿಯ ತಳದಲ್ಲಿ ನೀರಿನೊಳಕ್ಕೆ ಚಾಚಿಕೊಂಡ ಭಾರವಾದ ಲೋಹದ ಅಂಗವೊಂದಿರುತ್ತದೆ. ಗಾಳಿ ಮೇಲಿನಿಂದ ಎಷ್ಟು ವಾಲಿಸಿದರೂ ಕೆಳಗಿನ ಆ ಭಾರ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಇನ್ನೊಂದು ವಿಷಯವನ್ನೂ ಅಂದು ತಿಳಿದೆವು. ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಎದುರು ಹೋಗುವುದು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಬೇಕು. ಘಾಟಿಯ ರಸ್ತೆ ಸುತ್ತಿ ಸುತ್ತಿ ಬೆಟ್ಟವನ್ನೇರುವಂತೆ ಅದರ ದಾರಿ. ಹತ್ತು ಮೈಲಿಯ ಊರಿಗೆ ಹದಿನೈದು ಮೈಲಿ ನಡೆಯಬೇಕಾಗುತ್ತದೆ.

ಕೇಯಾ, ಕಿತ್ನೋಸ್, ಸೀರೋಸ್ ದ್ವೀಪಗಳನ್ನು ಕಂಡೆವು. ಬೇಸಗೆಯ ಆರಂಭವಾದ್ದರಿಂದ ಬೆಟ್ಟಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಥೈಮ್ ಎಂಬ ಸುಗಂಧದ ಕುರುಚಲು ಗಿಡಗಳು ನೇರಿಳೆಯ ಹೂ ಹೊತ್ತಿದ್ದವು. ದ್ವೀಪ ಕಣ್ಣಿಗೆ ಸ್ಪಷ್ಟವಾಗುವ ಮುನ್ನವೇ ಅದರ ಪರಿಮಳ ಬರುತ್ತಿತ್ತು. ಸಂಜೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕುವುದು, ಬೆಳಿಗ್ಗೆ ಪೂಜೆ ಮುಗಿಸಿ ಮುಂದೆ ಸಾಗುವುದು. ನಮ್ಮ ಆಯುಷ್ಯದಲ್ಲಿ ಇಷ್ಟು ನಿಶ್ಚಿಂತೆಯ ದಿನಗಳು ಹೆಚ್ಚಿಲ್ಲ.

ಈ ದ್ವೀಪಸಮೂಹದ ಹೆಸರು ಸೈಕ್ಲೇಡ್ಸ್. ಗ್ರೀಕಿನಲ್ಲಿ ‘ಕುಕ್ಲೋಸ್’ ಎಂದರೆ ವರ್ತುಲ. ನಮ್ಮ ‘ಚಕ್ರ’ ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ಚಕ್ರದ ನಡುವಿನ ಗುಂಬದಂತೆ ಇರುವುದು ಡೀಲೋಸ್ ಎಂಬ ಪುಟ್ಟ ದ್ವೀಪ. ಅಪೊಲೊ ದೇವತೆಯ ಜನ್ಮಸ್ಥಳವೆಂದು ಗ್ರೀಕರು ಅದನ್ನು ಪೂಜಿಸಿದರು. 1990ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿ ಇಂದು ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಮೀಕೊನೋಸ್‌ನಿಂದ ಪ್ರವಾಸಿಗರ ಹಡಗಿನಲ್ಲಿ ಹೋಗಿ ನೋಡಿ ಬಂದೆವು. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಈ ದ್ವೀಪವನ್ನು ‘ಶುದ್ಧಿ’ ಮಾಡಿದರು. ಇದ್ದ ಗೋರಿಗಳನ್ನೆಲ್ಲ ಅಗೆದು ತೆಗೆದರು. ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ಕಟ್ಟಳೆ ಮಾಡಿದರು. ದಿನ ತುಂಬಿದ ಗರ್ಭಿಣಿಯನ್ನೂ ಮರಣಾವಸ್ಥೆಯಲ್ಲಿದ್ದವರನ್ನೂ ಪಕ್ಕದ ದ್ವೀಪಕ್ಕೆ ಸಾಗಿಸಬೇಕಾಗಿತ್ತು. ಮುಂದೆ ರೋಮನರ ಕಾಲದಲ್ಲಿ ಅದೇ ದ್ವೀಪ ಗುಲಾಮರ ದೊಡ್ಡ ಸಂತೆಯಾಯಿತು. ಅಲ್ಲಿ ಒಂದೇ ದಿನ ಹತ್ತಾರು ಸಾವಿರ ಮಂದಿಯನ್ನು ಇಳಿಸಿಕೊಂಡು ಮಾರಿ ಕಳುಹಿಸಬಲ್ಲವರಾಗಿದ್ದರೆಂದು ಸ್ಟ್ರಾಬೊ ಎಂಬ ಪ್ರಾಚೀನ ಭೂಗೋಳಕಾರ ಬರೆದಿದ್ದಾನೆ. ಹೆರಿಗೆಯಿಂದ ಮೈಲಿಗೆಯಾಗುವ ನೆಲ ಮನುಷ್ಯರ ಮಾರಾಟದಿಂದ ಮೈಲಿಗೆಯಾಗಲಿಲ್ಲ! ಹುಟ್ಟು ಸಾವುಗಳಿಗೂ ಅಪ್ಪಣೆ ಕೊಡಿಸಲು ಹೊರಟ ಅಧಿಕಾರದ ಹುಚ್ಚನ್ನು ಕುರಿತು ಆ ಸಂಜೆ ನಾವು ಸಹಯಾತ್ರಿಗಳಿಗೆ ದೀರ್ಘವಾಗಿಯೇ ಮಾತನಾಡಿದೆವು. ಅದೇ ಹುಚ್ಚು ನಮ್ಮೊಳಗೂ ಇದೆಯೆಂಬುದು ಆಗ ಹೊಳೆಯಲಿಲ್ಲ.

ಬುಧವಾರ ಸಂಜೆ ನಕ್ಸೋಸ್ ದ್ವೀಪದ ದಕ್ಷಿಣಕ್ಕಿರುವ ಸ್ಕಿನೂಸಾ ಎಂಬಲ್ಲಿಗೆ ತಲುಪಿದೆವು. ಇನ್ನೂರು ಚಿಲ್ಲರೆ ಜನರಿರುವ ಸಣ್ಣ ದ್ವೀಪ. ಅಲ್ಲಿಯ ಹೊಲಗಳಲ್ಲಿ ಬೆಳೆಯುವ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಈರುಳ್ಳಿ, ನಿಂಬೆರಸ, ಆಲಿವ್ ಎಣ್ಣೆ ಹಾಕಿ ಬಡಿಸುತ್ತಾರೆ. ನಮ್ಮ ತೊವ್ವೆಯನ್ನೇ ಉಂಡಂತಾಯಿತು. ಮರುದಿನ ನಕ್ಸೋಸಿಗೆ ಹೋಗಿ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಅಥೆನ್ಸಿನ ಬಂದರು ಪಿರೇಯಸ್ ಸೇರಿ, ಶುಕ್ರವಾರ ರಾತ್ರಿ ವಿಮಾನ ಹತ್ತುವುದು ನಮ್ಮ ಯೋಜನೆ. ಊಟವಾದ ಮೇಲೆ ಆ ತಾಯಿ ಹವಾಮಾನದ ವರದಿ ನೋಡಿ ಶಾಂತವಾಗಿ ಹೇಳಿದರು: “ಶನಿವಾರದವರೆಗೆ ನಾವು ಇಲ್ಲಿಂದ ಹೊರಡುವುದಿಲ್ಲ. ಮೆಲ್ತೆಮಿ ಬರುತ್ತಿದೆ.”

ಮೆಲ್ತೆಮಿ ಎಂದರೆ ಏಜಿಯನ್ ಸಮುದ್ರದ ಉತ್ತರದ ಗಾಳಿ. ಪ್ರಾಚೀನರು ಅದನ್ನು ವರ್ಷವರ್ಷವೂ ಬರುವ ಗಾಳಿ ಎಂಬ ಅರ್ಥದ ಹೆಸರಿನಿಂದ ಕರೆದರು. ಅರಿಸ್ಟಾಟಲ್ ಅದರ ಕಾರಣವನ್ನು ಚರ್ಚಿಸಿದ್ದಾನೆ. ಅದರ ಪ್ರತಾಪವೆಲ್ಲ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಆದರೆ ಕೆಲವೊಮ್ಮೆ ಜೂನಿನಲ್ಲಿಯೇ ಮೊದಲ ಹೊಡೆತ ಬರುವುದುಂಟು. ಬೇಸಗೆಯಲ್ಲಿ ವಾಯವ್ಯ ಭಾರತದಿಂದ ಇರಾನಿನ ಮೂಲಕ ತುರ್ಕಿ ದೇಶದವರೆಗೆ ನೆಲ ಕಾದು ವಾಯುವಿನ ಒತ್ತಡ ತಗ್ಗುತ್ತದೆ. ಅತ್ತ ಬಾಲ್ಕನ್ ಪ್ರದೇಶದಲ್ಲಿ ಒತ್ತಡ ಹೆಚ್ಚಾಗಿರುತ್ತದೆ. ಇವೆರಡರ ನಡುವೆ ಏಜಿಯನ್ ಸಮುದ್ರದ ಮೇಲೆ ಗಾಳಿ ನುಗ್ಗುತ್ತದೆ. ನಮ್ಮ ನಾಡಿಗೆ ಮುಂಗಾರನ್ನು ಸೆಳೆದು ತರುವುದೂ ಇದೇ ಒತ್ತಡದ ತಗ್ಗು. ಆ ಊರಿನ ಹಿರಿಯರು ಇದನ್ನು ಗಮನಿಸಬೇಕು: ನಮ್ಮನ್ನು ಅಲ್ಲಿ ತಡೆದ ಗಾಳಿಯೂ ನಿಮ್ಮಲ್ಲಿಗೆ ಬಂದ ಮಳೆಯೂ ದೂರದ ದಾಯಾದಿಗಳು.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ಶುಭ್ರವಾಗಿತ್ತು. ಒಂದು ತುಣುಕು ಮೋಡವಿಲ್ಲ. ಬೆಟ್ಟದ ಮರೆಯಲ್ಲಿದ್ದ ಕೊಲ್ಲಿಯ ನೀರು ಕೆರೆಯಂತೆ ನಿಂತಿತ್ತು. ಬಿರುಗಾಳಿಯೆಂದರೆ ಕಾರ್ಮೋಡವೆಂದು ತಿಳಿದ ನಮಗೆ ಇದು ಅತಿಯಾದ ಅಂಜಿಕೆಯಾಗಿ ತೋರಿತು. “ಇಪ್ಪತ್ತು ಮೈಲಿಯ ದಾರಿ. ನಾವು ಮಾತು ಕೊಟ್ಟಿದ್ದೇವೆ. ಸಾವಿರಾರು ಜನ ಕಾದಿರುತ್ತಾರೆ” ಎಂದೆವು. ನಮ್ಮ ವಿದ್ಯಾರ್ಥಿಯೂ ನಮ್ಮ ಪರವಾಗಿ ಆಕೆಯನ್ನು ಬಗೆಬಗೆಯಾಗಿ ಬೇಡಿಕೊಂಡರು. ಹೆಚ್ಚಿನ ಹಣ ಕೊಡುವೆನೆಂದರು. ಆ ತಾಯಿ ಸಿಟ್ಟಾಗಲಿಲ್ಲ. “ಪಾತೆರ್, ತಾವು ದೊಡ್ಡವರೆಂದು ಇವರು ಹೇಳಿದ್ದಾರೆ, ನಾನು ನಂಬುತ್ತೇನೆ. ಆದರೆ ದೋಣಿ ಹೊರಡುವುದಿಲ್ಲ” ಎಂದಷ್ಟೇ ಹೇಳಿದರು. ನಕ್ಸೋಸಿಗೆ ಹೋಗಿಬರುವ ಸಣ್ಣ ಹಡಗಿನ ಸಂಚಾರವೂ ಅಂದು ರದ್ದಾಗಿತ್ತು.

ವಾಚಕರೇ, ನಮ್ಮ ತಪ್ಪು ಇಲ್ಲಿದೆ. ಬುಧವಾರ ರಾತ್ರಿಯೇ ಆ ಊರಿಗೆ ಫೋನ್ ಮಾಡಿದ್ದರೆ ಕಾರ್ಯಕ್ರಮವನ್ನು ಮುಂದೂಡಲು ಮೂರು ದಿನಗಳ ಅವಕಾಶವಿತ್ತು. ಫೋನಿನ ಸಂಪರ್ಕವೂ ಚೆನ್ನಾಗಿತ್ತು. ನಾವು ಮಾಡಲಿಲ್ಲ. ನಾಳೆ ಆಕೆಯನ್ನು ಒಪ್ಪಿಸಬಹುದೆಂಬ ಭರವಸೆ ನಮಗಿತ್ತು. ಪೀಠದಲ್ಲಿ ಕುಳಿತಂದಿನಿಂದ ನಮ್ಮ ಮಾತಿಗೆ ‘ಆಗಲಿ ಬುದ್ಧೀ’ ಎಂಬ ಉತ್ತರವನ್ನೇ ಕೇಳುತ್ತ ಬಂದಿದ್ದೇವೆ. ‘ಆಗದು’ ಎಂಬ ಶಬ್ದವನ್ನು ಕೇಳಿದರೂ ಅದರ ಅರ್ಥ ನಮ್ಮ ಮನಸ್ಸಿಗೆ ಇಳಿಯದಾಗಿತ್ತು.

ಶುಕ್ರವಾರ ಮತ್ತೆ ಒತ್ತಾಯಿಸಿದಾಗ ಆಕೆ, “ಬನ್ನಿ” ಎಂದು ಕರೆದು ಬೆಟ್ಟದ ಕಾಲುದಾರಿಯಲ್ಲಿ ನಡೆದರು. ನೆತ್ತಿಯನ್ನು ತಲುಪಿದೊಡನೆ ಗಾಳಿ ಎದೆಗೆ ಬಡಿಯಿತು. ಕಾವಿಬಟ್ಟೆ ಪಟಪಟನೆ ಬಡಿದುಕೊಂಡು ನಿಲ್ಲಲಾರದೆ ಹೊಲದ ಕಲ್ಲುಗೋಡೆಯನ್ನು ಹಿಡಿದುಕೊಂಡೆವು. ಅದೇ ನೀಲಿ ಆಕಾಶದ ಕೆಳಗೆ, ನಕ್ಸೋಸ್ ಮತ್ತು ಪಾರೋಸ್ ದ್ವೀಪಗಳ ನಡುವಿನ ಕಡೆಯಿಂದ, ಸಮುದ್ರವೆಲ್ಲ ಬಿಳಿಯ ನೊರೆಯಾಗಿ ಉರುಳಿ ಬರುತ್ತಿತ್ತು. ಎರಡು ದ್ವೀಪಗಳ ನಡುವೆ ಇಕ್ಕಟ್ಟಾದಂತೆ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ. ನಾವು ಹೋಗಬೇಕೆಂದಿದ್ದುದು ಅದಕ್ಕೆ ನೇರ ಎದುರಾಗಿ. ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಅಳೆಯುವ ಬ್ಯೂಫೋರ್ಟ್ ಮಾನದಲ್ಲಿ ಅಂದು ಏಳು, ಅಂದರೆ ಗಂಟೆಗೆ 50ರಿಂದ 60 ಕಿಲೋಮೀಟರ್ ವೇಗ; ನಡುನಡುವೆ ಎಂಟರ ಹೊಡೆತ. ಆಕೆ ಒಂದೇ ಮಾತು ಹೇಳಿದರು: “ನನ್ನ ಮಾತನ್ನೂ ಇದು ಕೇಳುವುದಿಲ್ಲ.”

ಅಂದಿನ ರಾತ್ರಿ ದೋಣಿಯ ಮೇಲೆ ಕುಳಿತಿದ್ದೆವು. ವಿಮಾನ ಹೊರಡುವ ಹೊತ್ತು ಮೀರಿತ್ತು. ಹುಡುಗಿ ಅಲ್ಲಿಯೇ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದಳು. ವಿಶ್ವವಿದ್ಯಾನಿಲಯದ ದಿನಗಳಲ್ಲಿ ಓದಿದ ಯೂರಿಪಿಡೀಸನ ನಾಟಕವೊಂದು ನೆನಪಿಗೆ ಬಂತು. ಟ್ರಾಯ್ ನಗರದ ಮೇಲೆ ದಂಡೆತ್ತಿ ಹೊರಟ ಗ್ರೀಕರ ನೌಕಾಪಡೆ ಆಲಿಸ್ ಎಂಬಲ್ಲಿ ಅನುಕೂಲವಾದ ಗಾಳಿಯಿಲ್ಲದೆ ನಿಂತುಬಿಡುತ್ತದೆ. ಮಗಳನ್ನು ಬಲಿಕೊಟ್ಟರೆ ಗಾಳಿ ಒದಗುವುದೆಂಬ ಕಣಿಯನ್ನು ಕೇಳಿ, ಅರಸ ಅಗಮೆಮ್ನಾನ್ ಮದುವೆಯ ನೆಪ ಹೇಳಿ ಮಗಳು ಇಫಿಜೀನಿಯಾಳನ್ನು ಕರೆಸುತ್ತಾನೆ. ಅವನು ಕಟುಕನಲ್ಲ. ಮಗಳ ಮೇಲೆ ಪ್ರೀತಿಯಿದೆ. ಆದರೆ ಕಾದು ನಿಂತ ಸೈನ್ಯದ ಮುಂದೆ ಹಿಂದೆಗೆಯಲಾರ. ತರುಣರಾಗಿದ್ದಾಗ ನಾವು ಅವನನ್ನು ಸುಲಭವಾಗಿ ನಿಂದಿಸಿದ್ದೆವು. ಅಂದು ಆ ಮಗುವಿನ ಮುಖ ನೋಡುತ್ತ, ಕಾದಿರುವ ಜನರ ಮುಂದೆ ಮಾತು ತಪ್ಪಿದವರೆನಿಸಬಾರದೆಂಬ ಹಟಕ್ಕೆ ನಾವು ಯಾರನ್ನು ಪಣಕ್ಕಿಟ್ಟಿದ್ದೆವೆಂಬುದು ಅರಿವಾಯಿತು.

ವಿದ್ಯಾರ್ಥಿಯನ್ನು ಕೇಳಿದೆವು: “ನಿಮಗೆ ಭಯವಾಗಿರಲಿಲ್ಲವೇ?” ಅವರು ಬಹಳ ಹೊತ್ತು ಸುಮ್ಮನಿದ್ದು, “ಹೊರಡಬಾರದೆಂದು ನನಗೂ ಅನಿಸಿತ್ತು ಬುದ್ಧೀ. ತಮಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ” ಎಂದರು. ಮಗಳ ಪ್ರಾಣಕ್ಕಿಂತ ನಮ್ಮ ಮಾತನ್ನು ಮೀರುವುದು ಅವರಿಗೆ ಕಷ್ಟವಾಗಿತ್ತು. ಇದನ್ನು ಭಕ್ತಿಯೆಂದು ಹೊಗಳಲು ನಮಗೆ ನಾಲಿಗೆ ಬರಲಿಲ್ಲ. ಗಣಿತ, ವ್ಯಾಕರಣಗಳನ್ನು ಕಲಿಯುವ ಅನುಕೂಲವನ್ನು ನಮ್ಮ ವಿದ್ಯಾರ್ಥಿನಿಲಯ ಅವರಿಗೆ ಒದಗಿಸಿತ್ತು. ಬೇಡವೆನ್ನುವ ಧೈರ್ಯವನ್ನು ಮಾತ್ರ ಕಲಿಸಿರಲಿಲ್ಲ. ಕೂಡಲೆ ಆ ಊರಿಗೆ ಫೋನ್ ಮಾಡಿದೆವು. ನಮ್ಮ ನಾಡಿನಲ್ಲಿ ಆಗ ನಡುರಾತ್ರಿ ಮೀರಿ ಶನಿವಾರವಾಗಿತ್ತು. ಎಲ್ಲ ಹಳ್ಳಿಗಳಿಗೂ ಸುದ್ದಿ ಮುಟ್ಟಿಸಲು ಅವರಿಗೆ ಸಾಧ್ಯವಾಗಲಿಲ್ಲ. ಕೆಲವರು ಸುದ್ದಿ ತಿಳಿದೂ ನಂಬದೆ ಬಂದು ಕಾದರಂತೆ.

ಶನಿವಾರ ಮುಂಜಾನೆ ನಾಲ್ಕು ಗಂಟೆಗೆ ಆ ತಾಯಿಯೇ ನಮ್ಮನ್ನು ಎಬ್ಬಿಸಿದರು. ಗಾಳಿ ಇಳಿದಿತ್ತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ ನಕ್ಸೋಸ್ ಸೇರಿದೆವು. ಬಂದರಿನ ಬಾಯಲ್ಲಿ, ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಆರಂಭಿಸಿ ಮುಗಿಸದೆ ಬಿಟ್ಟ ದೇವಾಲಯದ ಅಮೃತಶಿಲೆಯ ಬಾಗಿಲುವಾಡ ಒಂದೇ ಒಂದು ನಿಂತಿದೆ. ಅಲ್ಲಿ ಆ ತಾಯಿಗೆ ಕೈಮುಗಿದು ಬೀಳ್ಕೊಂಡೆವು. ಅವರು ಏಕೆಂದು ಕೇಳಲಿಲ್ಲ.

ಅನಂತರ ಆ ಊರಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದೇವೆ. ಭಾನುವಾರ ಮಧ್ಯಾಹ್ನ ಮಳೆ ಸುರಿಯತೊಡಗಿದಾಗ, ಮಕ್ಕಳು ನೆನೆಯುತ್ತಾರೆಂದು ಮುಖ್ಯೋಪಾಧ್ಯಾಯರೇ ಬಾಗಿಲಿಗೆ ಕಟ್ಟಿದ್ದ ಪಟ್ಟಿಯನ್ನು ಕತ್ತರಿಸಿ ಎಲ್ಲರನ್ನೂ ಒಳಗೆ ಕರೆದುಕೊಂಡರಂತೆ. ಶಾಲೆಗೆ ಅದಕ್ಕಿಂತ ಒಳ್ಳೆಯ ಪ್ರಾರಂಭೋತ್ಸವ ನಮ್ಮಿಂದ ಆಗುತ್ತಿರಲಿಲ್ಲ.

ಮಠದ ಭಕ್ತರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿ. ನಾವು ಹೇಳಿದುದು ಸರಿಯಲ್ಲವೆಂದು ನಿಮಗೆ ತೋರಿದಾಗ ದಯವಿಟ್ಟು ನಮ್ಮ ಮುಖಕ್ಕೇ ಹೇಳಿರಿ. ಮೊದಲ ಸಲ ನಮಗೆ ಕಹಿಯಾದೀತು. ಆ ಕಹಿಯನ್ನು ಸಹಿಸಿಕೊಂಡು ಎರಡನೆಯ ಸಲವೂ ಹೇಳಿರಿ.