ದಾಸ್ ನಡುವೆ ಕೂರಲಿ

ಹೊಸ ಜರ್ಮನ್ ಪಠ್ಯಪುಸ್ತಕ ಸಿಕ್ಕರೆ ನಾನು ಮೊದಲು ಹುಡುಕುವುದು ಆರ್ಟಿಕಲ್‌ಗಳ ವಿಭಕ್ತಿಯ ಪಟ್ಟಿಯನ್ನು. ಈಚೆಗೆ ಕೊಂಡದ್ದರಲ್ಲೂ ಅದೇ ಸಾಲು: ಪುಲ್ಲಿಂಗದ ದೇರ್, ಸ್ತ್ರೀಲಿಂಗದ ದೀ, ಕಟ್ಟಕಡೆಗೆ ನಪುಂಸಕದ ದಾಸ್. ಕೂಡಲೇ ಪೆನ್ಸಿಲ್ ತೆಗೆದು ಅಂಚಿನಲ್ಲಿ ನನ್ನ ಪಟ್ಟಿ ಬರೆದೆ. ಅದನ್ನು ಬರೆಯುವ ಸುಖ ಇವತ್ತಿಗೂ ಮಾಸಿಲ್ಲ.

ದಾಸ್ ಅನ್ನು ದೇರ್ ಪಕ್ಕಕ್ಕೆ ತನ್ನಿ. ದೀ ಅದರಾಚೆಗೆ, ಬಹುವಚನ ಕೊನೆಗೆ. ಪ್ರಥಮೆಯಲ್ಲಿ ದೇರ್, ದಾಸ್, ದೀ, ದೀ. ದ್ವಿತೀಯೆಯಲ್ಲಿ ದೇನ್, ದಾಸ್, ದೀ, ದೀ: ಅಲುಗಿದ್ದು ಪುಲ್ಲಿಂಗವೊಂದೇ. ಚತುರ್ಥಿಯಲ್ಲಿ ದೇಮ್, ದೇಮ್, ದೇರ್, ದೇನ್. ಷಷ್ಠಿಯಲ್ಲಿ ದೆಸ್, ದೆಸ್, ದೇರ್, ದೇರ್. ಒಂದೇ ರೂಪದವು ತಾವಾಗಿ ಅಕ್ಕಪಕ್ಕ ಸೇರಿಕೊಳ್ಳುತ್ತವೆ. 16 ಮನೆಗಳಿಗೆ ಇರುವುದು ಆರೇ ರೂಪ.

ಜರ್ಮನಿಯ ಶಾಲೆಗಳದು ಇನ್ನೊಂದು ಹಟ. ಪ್ರಥಮೆ, ಷಷ್ಠಿ, ಚತುರ್ಥಿ, ದ್ವಿತೀಯೆ ಎಂಬ ಲ್ಯಾಟಿನ್ ವ್ಯಾಕರಣದ ಕ್ರಮ. ಅದಕ್ಕೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಬೇರೆ. ಸ್ತ್ರೀಲಿಂಗ, ನಪುಂಸಕ, ಬಹುವಚನ ಮೂರರಲ್ಲೂ ಪ್ರಥಮೆ ದ್ವಿತೀಯೆಗಳಿಗೆ ಒಂದೇ ರೂಪ. ಆ ಎರಡನ್ನೂ ಪಟ್ಟಿಯ ಎರಡು ತುದಿಗೆ ಎಸೆದರೆ ಕಲಿಯುವವರ ಕಣ್ಣಿಗೆ ಬೀಳುವುದಾದರೂ ಏನು? ಕಾಣದ್ದನ್ನು ಕಂಠಪಾಠ ಮಾಡಿಸುತ್ತಾರೆ, ರಾಗ ಹಾಕಿ ಹೇಳಿಸುತ್ತಾರೆ. ಇರುವ ಚೆಲುವನ್ನು ಮುಚ್ಚಿಟ್ಟು, ಆಮೇಲೆ ಜರ್ಮನ್ ಕಷ್ಟವೆಂದು ಹೆದರಿಸುವುದನ್ನು ನಾನು ಸಹಿಸಲಾರೆ.

ಕನ್ನಡದಲ್ಲಿ ಪ್ರತ್ಯಯ ನಾಮಪದಕ್ಕೇ ಅಂಟುತ್ತದೆ. ಜರ್ಮನ್‌ನಲ್ಲಿ ಹೊರೆಯೆಲ್ಲ ಆರ್ಟಿಕಲ್‌ ಮೇಲೆ. ನಾಮಪದಕ್ಕೆ ಉಳಿದದ್ದು ಚೂರುಪಾರು. ಪುಲ್ಲಿಂಗ ನಪುಂಸಕಗಳ ಷಷ್ಠಿಯಲ್ಲೊಂದು ‘ಸ್’, ಬಹುವಚನದ ಚತುರ್ಥಿಯಲ್ಲೊಂದು ‘ನ್’. ಕಿಂಡರ್ ಎಂದರೆ ಮಕ್ಕಳು, ಮಿಟ್ ದೇನ್ ಕಿಂಡರ್ನ್ ಎಂದರೆ ಮಕ್ಕಳ ಜೊತೆ. ಕೆಲವು ಪುಲ್ಲಿಂಗ ಪದಗಳಂತೂ ಪ್ರಥಮೆ ದಾಟಿದ ಕೂಡಲೇ ‘ಎನ್’ ಹಿಡಿಯುತ್ತವೆ: ಬೇರ್ ಎಂಬ ಕರಡಿ ಉಳಿದ ಮೂರು ವಿಭಕ್ತಿಗಳಲ್ಲೂ ಬೇರೆನ್.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಹೆರ್ತ್ಸ್, ಅಂದರೆ ಹೃದಯ. ನಪುಂಸಕ ಪದ, ದ್ವಿತೀಯೆಯಲ್ಲಿ ಅಲುಗದು, ಚತುರ್ಥಿಯಲ್ಲಿ ಹೆರ್ತ್ಸೆನ್, ಷಷ್ಠಿಯಲ್ಲಿ ಹೆರ್ತ್ಸೆನ್ಸ್. ವೈದ್ಯರ ಬರಹದಲ್ಲಿ ಚತುರ್ಥಿಯ ಆ ‘ಎನ್’ ಉದುರಿ ಬರಿಯ ಹೆರ್ತ್ಸ್ ಉಳಿಯುವುದುಂಟು; ಪ್ರೀತಿಸುವ, ನೋಯುವ ಹೃದಯ ಮಾತ್ರ ಹಳೆಯ ಪ್ರತ್ಯಯವನ್ನು ಬಿಟ್ಟಿಲ್ಲ. ಹೀಗೆ ನಡೆಯುವ ನಪುಂಸಕ ಪದ ಆ ಭಾಷೆಯಲ್ಲಿ ಇದೊಂದೇ. ಕಂಠಪಾಠಕ್ಕೆ ಯೋಗ್ಯವಾದದ್ದೂ ಇದೊಂದೇ.